ವಾರಕ್ಕೊಂದು ಪಾಠ: ದಿನನಿತ್ಯದ ಬದುಕಿನಿಂದ ವಿಶ್ವಾಸದ ಪಾಠ ತೆಗೆಯುವುದು ಹೇಗೆ?

ಡೊಂಬಿವಲಿಯ ಟೀಚರ್:
ಎಲ್ಲರಿಗೂ ವಂದನೆಗಳು. ನಮ್ಮ ಕನ್ನಡ ಕ್ರೈಸ್ತ ಸಭೆಯ ಮನೆ ಪ್ರಾರ್ಥನೆಯಲ್ಲಿ ಈಚೆಗೆ ಹೊಸ ಕ್ರಮವೊಂದು ಶುರುವಾಗಿದೆ. ಹಾಡು, ಸತ್ಯವೇದದ (ಬೈಬಲ್) ಓದು ಮುಗಿದ ಮೇಲೆ ಪ್ರತಿಯೊಬ್ಬರೂ ಆ ವಾರದ ಬದುಕಿನಿಂದ ಕಲಿತ ಒಂದು ವಿಶ್ವಾಸದ ಪಾಠವನ್ನು ಹೇಳಬೇಕು. ಉದ್ದೇಶ ಒಳ್ಳೆಯದೇ. ಆದರೆ ಕೇಳುತ್ತಾ ಹೋದಂತೆ ನನಗೆ ತಳಮಳವಾಗುತ್ತಿದೆ. ಒಬ್ಬರು ಲೋಕಲ್ ರೈಲು ತಪ್ಪಿಹೋಯಿತು, ಅದರಲ್ಲಿ ಹತ್ತಿದ್ದರೆ ಏನಾಗುತ್ತಿತ್ತೋ, ದೇವರೇ ತಡೆದ ಎನ್ನುತ್ತಾರೆ. ಇನ್ನೊಬ್ಬರು ಪಕ್ಕದ ಮನೆಯ ಹುಡುಗ ಕುಡಿತಕ್ಕೆ ಬಿದ್ದದ್ದನ್ನು ವಿವರವಾಗಿ ಹೇಳಿ, ಪ್ರಾರ್ಥನೆಯಿಲ್ಲದ ಮನೆಯ ಗತಿ ಇಷ್ಟೇ ಎಂದು ಮುಗಿಸುತ್ತಾರೆ. ಎಲ್ಲರೂ ಆಮೆನ್ ಎನ್ನುತ್ತಾರೆ. ನನಗೆ ಆಮೆನ್ ಎನ್ನಲು ಬಾಯಿ ಬರುವುದಿಲ್ಲ.

ಮುಂದಿನ ಪ್ರಾರ್ಥನೆ ನಮ್ಮ ಮನೆಯಲ್ಲಿ. ಸಂಡೇ ಸ್ಕೂಲಿನ ದೊಡ್ಡ ಮಕ್ಕಳೂ ಬರುತ್ತಾರೆ. ನಡೆದದ್ದನ್ನೆಲ್ಲ ಹಿಂಡಿ ಪಾಠ ತೆಗೆಯಲೇಬೇಕೇ? ತೆಗೆಯುವುದಾದರೆ ಸರಿಯಾದ ದಾರಿ ಯಾವುದು? ದಯವಿಟ್ಟು ಮುಂಬಯಿ, ಪುಣೆ, ಗೋವೆಯ ಬದುಕಿನಿಂದಲೇ ಉದಾಹರಣೆ ಕೊಡಿ. ನಮ್ಮ ಮಕ್ಕಳು ಕುರಿಮಂದೆಯನ್ನಾಗಲಿ ದ್ರಾಕ್ಷೇತೋಟವನ್ನಾಗಲಿ ಕಂಡವರಲ್ಲ.

ಮಲಾಡ್ ಯುವಕ:
ಅಕ್ಕ, ಇದರಲ್ಲಿ ತಳಮಳಪಡುವಂಥದ್ದು ಏನೂ ಇಲ್ಲ. ಯೇಸುವೇ ಹಾಗೆ ಬೋಧಿಸಿದ್ದು. ಬಿತ್ತುವವನು, ಹುಳಿಹಿಟ್ಟು, ಕಳೆದುಹೋದ ನಾಣ್ಯ, ಮೀನಿನ ಬಲೆ, ಎಲ್ಲವೂ ಆ ಊರಿನವರ ಕಣ್ಣೆದುರಿನ ಸಂಗತಿಗಳು. ಗಲಿಲಾಯದಲ್ಲಿ ನಡೆದದ್ದು ಮಲಾಡಿನಲ್ಲೇಕೆ ನಡೆಯಬಾರದು?

ಕುರ್ಲಾ ನಿವಾಸಿ:
ದೇವರು ಉಳಿಸಿದ ಎಂದರೆ ನಿಮಗೇಕೆ ಕಸಿವಿಸಿ? 2005ರ ಜುಲೈ 26ರಂದು ನಾನು ಕಾಲಿನಾದಿಂದ ಎದೆಮಟ್ಟದ ನೀರಿನಲ್ಲಿ ನಡೆದು ಬಂದವನು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಿತ್ತು. ಮಿಠಿ ನದಿ ಯಾವುದು, ರಸ್ತೆ ಯಾವುದು ಎಂದೇ ತಿಳಿಯುತ್ತಿರಲಿಲ್ಲ. ತೆರೆದ ಗಟಾರದ ಬಾಯಿಗೆ ಕಾಲಿಡದೆ ಮನೆ ಸೇರಿದ್ದು ನನ್ನ ಜಾಣತನದಿಂದಲ್ಲ. ಅಂದಿನಿಂದ ಇಂದಿನವರೆಗೆ ಅದೇ ನನ್ನ ಸಾಕ್ಷಿ. ಅದನ್ನು ಹೇಳಬಾರದು ಎನ್ನುತ್ತೀರಾ?

ಖಡಕಿಯ ಹಿರಿಯ:
ಖಂಡಿತ ಹೇಳಿ ತಮ್ಮ. ಉಳಿದವನು ಸ್ತೋತ್ರ ಹೇಳದೆ ಇನ್ನೇನು ಮಾಡಬೇಕು? ಆದರೆ ಸ್ತೋತ್ರ ಬೇರೆ, ವಿವರಣೆ ಬೇರೆ. ಲೂಕ 13ನೆಯ ಅಧ್ಯಾಯದ ಆರಂಭವನ್ನು ಒಮ್ಮೆ ತೆಗೆಯಿರಿ. ಸಿಲೋವದ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ಭಾವಿಸುತ್ತೀರೋ ಎಂದು ಯೇಸು ಕೇಳಿ, ತಾನೇ ಅಲ್ಲವೆಂದು ಹೇಳುತ್ತಾನೆ. ಸತ್ತವರ ಲೆಕ್ಕ ಬಿಡಿ, ನಿಮ್ಮ ಮನಸ್ಸನ್ನು ತಿರುಗಿಸಿಕೊಳ್ಳಿ ಎನ್ನುವುದೇ ಅಲ್ಲಿನ ಮಾತು. ನಮ್ಮ ನಗರಗಳಲ್ಲಿ ಮಳೆಗಾಲ ಬಂತೆಂದರೆ ಎಲ್ಲೋ ಒಂದು ಹಳೆಯ ಕಟ್ಟಡ ಕುಸಿಯುತ್ತದೆ. ಆಗೆಲ್ಲ ನಾನು ಈ ಭಾಗವನ್ನು ಓದಿಕೊಳ್ಳುತ್ತೇನೆ. ಟೀಚರಮ್ಮ ಹೇಳಿದ ಆ ಕುಡುಕ ಹುಡುಗನ ಕಥೆಗೂ ಇದೇ ಉತ್ತರ.

ಕುರ್ಲಾ ನಿವಾಸಿ:
ಸತ್ತವರು ಪಾಪಿಗಳೆಂದು ನಾನು ಎಲ್ಲಿ ಹೇಳಿದೆ?

ಖಡಕಿಯ ಹಿರಿಯ:
ನೀವು ಹೇಳಲಿಲ್ಲ. ಆದರೆ ಆ ರಾತ್ರಿ ಮಗನನ್ನು ಕಳೆದುಕೊಂಡ ತಾಯಿ ನಿಮ್ಮ ಪಕ್ಕದಲ್ಲೇ ಕುಳಿತು ಆ ಸಾಕ್ಷಿ ಕೇಳುತ್ತಿದ್ದಾಳೆ ಎಂದುಕೊಳ್ಳಿ. ಅವಳ ಎದುರು ಹೇಳಬಹುದಾದ ರೀತಿಯಲ್ಲಿ ಹೇಳಿದರೆ ಸಾಕು.

ಕುರ್ಲಾ ನಿವಾಸಿ:
ಈ ಮಾತನ್ನು ಒಪ್ಪುತ್ತೇನೆ. ನನ್ನ ಸಾಕ್ಷಿಯ ಇನ್ನರ್ಧ ಭಾಗವನ್ನೂ ಕೇಳಿ. ಅಂದು ನಮ್ಮನ್ನು ಮೆಟ್ಟಿಲ ಮೇಲೆ ಹತ್ತಿಸಿಕೊಂಡು, ಒಣ ಬಟ್ಟೆ ಕೊಟ್ಟು, ದೊಡ್ಡ ಪಾತ್ರೆಯಲ್ಲಿ ಚಹಾ ಕಾಯಿಸಿ ಕೊಟ್ಟದ್ದು ಒಂದು ಮುಸ್ಲಿಂ ಕುಟುಂಬ. ಅವರ ಅಜ್ಜಿ ಎಲ್ಲರ ಪಾದ ನೋಡಿ, ಗಾಜು ಚುಚ್ಚಿದವರಿಗೆ ಅರಿಸಿನ ಹಚ್ಚುತ್ತಿದ್ದರು. ಆ ಅಜ್ಜಿಯ ಕೈಗಳನ್ನು ಬಿಟ್ಟು ನಾನು ಆ ಸಾಕ್ಷಿಯನ್ನು ಎಂದೂ ಹೇಳಿಲ್ಲ.

ವಾಸ್ಕೋ ಕನ್ನಡಿಗ:
ಲೂಕ 10. ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಎತ್ತಿ ಉಪಚರಿಸಿದ, ಪರಜನಾಂಗದ ಸಮಾರ್ಯದವನು. ನಮ್ಮವರಲ್ಲದವರಿಂದ ನೆರೆಯವನಾಗುವುದನ್ನು ಕಲಿಯಿರಿ ಎಂದು ಅಲ್ಲಿ ಹೇಳಿದೆ. ನಿಮ್ಮದು ನಿಜವಾದ ಪಾಠ ಅಣ್ಣ.

ಬಾಂದ್ರಾದ ಮಂಗಳೂರಿನವಳು:
ನಾನು ಕಥೋಲಿಕಳು, ನಿಮ್ಮ ಸಭೆಗಳ ಕ್ರಮ ಹೆಚ್ಚು ಗೊತ್ತಿಲ್ಲ. ಆದರೆ ಟೀಚರ್ ಕೇಳಿದ್ದಕ್ಕೆ ನಮ್ಮಲ್ಲಿ ಹಳೆಯದೊಂದು ಅಭ್ಯಾಸವಿದೆ. ಲೊಯೋಲಾದ ಸಂತ ಇಗ್ನೇಷಿಯಸ್ ಕಲಿಸಿದ ಆತ್ಮಶೋಧನೆ. ಅವರ ಸಂಗಡಿಗ ಫ್ರಾನ್ಸಿಸ್ ಕ್ಸೇವಿಯರ್ 1542ರಲ್ಲಿ ಗೋವೆಗೆ ಬಂದಿಳಿದರು. ಆ ಪರಂಪರೆಯ ಯೇಸುಸಭೆಯ ಗುರುಗಳಿಂದ ಮುಂಬಯಿಯಲ್ಲಿ ಬೆಳೆದ ನಾವು ಇದನ್ನು ಕಲಿತೆವು. ಮಧ್ಯಾಹ್ನ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ, ಕಳೆದ ಗಂಟೆಗಳನ್ನು ದೇವರ ಮುಂದೆ ಬಿಚ್ಚಿಡುವುದು. ಯಾವುದಕ್ಕೆ ಕೃತಜ್ಞಳಾಗಿದ್ದೇನೆ, ಎಲ್ಲಿ ಮುಖ ತಿರುಗಿಸಿಕೊಂಡೆ, ನಾಳೆಗೆ ಯಾವ ಕೃಪೆ ಬೇಕು ಎಂದು ಕೇಳಿಕೊಳ್ಳುವುದು.

ಇಲ್ಲಿ ಮುಖ್ಯವಾದದ್ದು, ಎಲ್ಲ ಪ್ರಶ್ನೆಗಳೂ ನನಗೇ. ಪಕ್ಕದ ಮನೆಯವರ ಹೆಸರು ಇದರಲ್ಲಿ ಬರುವುದಕ್ಕೆ ಜಾಗವೇ ಇಲ್ಲ. ಸಂಜೆ ಚರ್ಚ್‌ಗೇಟ್‌ನಿಂದ ಹೊರಟ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಇದನ್ನು ಮಾಡಬಹುದು. ಅಂಧೇರಿ ದಾಟುವವರೆಗೆ ಕುಳಿತುಕೊಳ್ಳಲು ಸ್ಥಳ ಸಿಗದು, ಮೊಬೈಲ್ ತೆಗೆಯಲು ಕೈ ಏಳದು, ಆ ಹೊತ್ತು ಪ್ರಾರ್ಥನೆಗೇ ಸರಿ.

ಮಲಾಡ್ ಯುವಕ:
ಇದು ಒಳ್ಳೆಯದೇ, ಆದರೆ ಸತ್ಯವೇದದಲ್ಲಿ ಎಲ್ಲಿದೆ? ಮನುಷ್ಯರು ಮಾಡಿಕೊಂಡ ಕ್ರಮವನ್ನು ಮಕ್ಕಳಿಗೆ ಕಲಿಸುವುದೇಕೆ?

ಖಡಕಿಯ ಹಿರಿಯ:
ಕೀರ್ತನೆ 139ರ ಕೊನೆ ಓದು ಮರಿ. ದೇವರೇ ನನ್ನನ್ನು ಪರೀಕ್ಷಿಸಿ ನನ್ನ ಹೃದಯವನ್ನು ತಿಳಿದುಕೋ ಎಂದು ದಾವೀದನೇ ಬೇಡುತ್ತಾನೆ. ಒಳ್ಳೆಯ ಪ್ರಾರ್ಥನೆ ಯಾವ ಮನೆಯ ಬಾಗಿಲಿನಿಂದ ಬಂದರೂ ಒಳಗೆ ಕರೆದುಕೊಳ್ಳಬೇಕು.

ಕೊಲಾಬಾದವ:
ಮುಂಬಯಿಯ ಉದಾಹರಣೆ ಕೇಳಿದ್ದೀರಿ. ಸಸೂನ್ ಡಾಕ್‌ಗೆ ಬೆಳಗಿನ ಜಾವ ಬನ್ನಿ. 1875ರಿಂದ ಇರುವ ಧಕ್ಕೆ. ದೋಣಿಗಳಿಂದ ಬುಟ್ಟಿ ಬುಟ್ಟಿ ಮೀನು ಮೇಲೆ ಬರುತ್ತದೆ, ಹೆಂಗಸರು ಒದ್ದೆ ನೆಲದ ಮೇಲೆ ಕುಳಿತು ಬಂಗಡೆ ಬೇರೆ, ಬೊಂಬಿಲ್ ಬೇರೆ, ಸಿಗಡಿ ಬೇರೆ ಎಂದು ಆರಿಸುತ್ತಾರೆ. ಕೆಟ್ಟದ್ದನ್ನು ಕಣ್ಣೆತ್ತಿಯೂ ನೋಡದೆ ಬೆರಳಿನಿಂದಲೇ ಗುರುತಿಸಿ ಎಸೆಯುತ್ತಾರೆ. ಮತ್ತಾಯ 13ರಲ್ಲಿ ಯೇಸು ಹೇಳಿದ ಬಲೆಯ ಸಾಮ್ಯ, ಅಂದರೆ ದೃಷ್ಟಾಂತ ಕಥೆ, ಕಣ್ಣಿಗೆ ಕಟ್ಟುತ್ತದೆ. ನಾವೂ ಹಾಗೆ ಕೆಟ್ಟ ಸಹವಾಸವನ್ನು ಆರಿಸಿ ಎಸೆಯಬೇಕು ಎಂದು ಮಕ್ಕಳಿಗೆ ಹೇಳಬಹುದು.

ವಾಸ್ಕೋ ಕನ್ನಡಿಗ:
ವರ್ಣನೆ ಚೆನ್ನಾಗಿದೆ, ಪಾಠ ಸರಿಯಿಲ್ಲ. ಆರಿಸುವವರು ಯಾರು ಎಂದು 49ನೆಯ ವಚನದಲ್ಲಿ ನೋಡಿ. ದೇವದೂತರು, ಅದೂ ಯುಗದ ಸಮಾಪ್ತಿಯಲ್ಲಿ. ಆ ಸಾಮ್ಯದಲ್ಲಿ ನಾವು ಆರಿಸುವ ಹೆಂಗಸರಲ್ಲ, ಬಲೆಯೊಳಗಿನ ಮೀನು. ಅದೇ ಅಧ್ಯಾಯದ ಗೋಧಿ ಮತ್ತು ಹಣಜಿ ಎಂಬ ಕಳೆಯ ಸಾಮ್ಯದಲ್ಲೂ ಆಳುಗಳು ಕೀಳಲು ಹೊರಟಾಗ ಯಜಮಾನ ಬೇಡವೆನ್ನುತ್ತಾನೆ.

ಕೊಲಾಬಾದವ:
ಕೆಟ್ಟ ಸಹವಾಸ ಬಿಡಿ ಎಂದು ಪೌಲನೂ ಹೇಳಿದ್ದಾನಲ್ಲ, 1 ಕೊರಿಂಥ 15.

ವಾಸ್ಕೋ ಕನ್ನಡಿಗ:
ಹೇಳಿದ್ದಾನೆ. ಹಾಗಾದರೆ ಅದನ್ನೇ ಓದಿಸಿ. ಬಲೆಯ ಸಾಮ್ಯವನ್ನು ಎಳೆದು ತರಬೇಡಿ. ಕಣ್ಣಿಗೆ ಕಂಡ ದೃಶ್ಯ ಚೆನ್ನಾಗಿದೆ ಎಂದು ವಚನವನ್ನು ಅದಕ್ಕೆ ತಕ್ಕಂತೆ ಬಗ್ಗಿಸುವುದು ಈ ಪಾಠ ಹೇಳುವ ಪದ್ಧತಿಯ ದೊಡ್ಡ ಅಪಾಯ.

ಘನ್ಸೋಲಿಯ ಗೌಂಡಿಯ ಮಗ:
ಟೀಚರ್ ಅಕ್ಕ, ನಿಮ್ಮ ಮಕ್ಕಳು ದ್ರಾಕ್ಷೇತೋಟ ನೋಡಿಲ್ಲದಿರಬಹುದು, ಕೂಲಿಯವರು ಕೆಲಸಕ್ಕಾಗಿ ಕಾದು ನಿಲ್ಲುವ ನಾಕಾ ನೋಡಿಯೇ ಇರುತ್ತಾರೆ. ನನ್ನ ತಂದೆ ಕಲಬುರಗಿ ಜಿಲ್ಲೆಯಿಂದ ಬಂದ ಗೌಂಡಿ. ನವಿ ಮುಂಬಯಿಯ ಕಟ್ಟಡಗಳು ಏಳುತ್ತಿದ್ದ ಕಾಲದಲ್ಲಿ ಬೆಳಿಗ್ಗೆ ನಾಕಾದಲ್ಲಿ ನಿಂತು ಕೂಲಿ ಹಿಡಿದವರು. ಅಲ್ಲಿ ಯಾರೂ ಬಾಯಿ ಬಿಟ್ಟು ಕೆಲಸ ಕೇಳುವುದಿಲ್ಲ. ಗೌಂಡಿಯ ಚೀಲದಿಂದ ಕರಣೆಯ ಹಿಡಿ ಹೊರಗೆ ಕಾಣುತ್ತಿರಬೇಕು, ಬಣ್ಣದವನ ಕೈಯಲ್ಲಿ ಬ್ರಷ್ ಇರಬೇಕು. ಬರಿಗೈಯಲ್ಲಿ ನಿಂತವನು ಬಿಗಾರಿ, ಅಂದರೆ ಸಾದಾ ಕೂಲಿ, ಎಂದು ಆಳು ಕರೆಯಲು ಬಂದ ಮುಕಾದಮನಿಗೆ ದೂರದಿಂದಲೇ ತಿಳಿಯುತ್ತದೆ. ಗಟ್ಟಿಮುಟ್ಟಾದವರು ಮೊದಲು ಹೋಗುತ್ತಾರೆ. ವಯಸ್ಸಾದವರು, ಕೆಮ್ಮುವವರು, ಕಂಕುಳಲ್ಲಿ ಕೂಸಿರುವ ಹೆಂಗಸರು ಉಳಿಯುತ್ತಾರೆ. ಬಿಸಿಲು ಏರಿದ ಮೇಲೆ ಯಾರೂ ಕರೆಯಲು ಬರುವುದಿಲ್ಲ. ಕಟ್ಟಿಕೊಂಡು ಬಂದ ರೊಟ್ಟಿಯ ಗಂಟನ್ನು ಬಿಚ್ಚದೆ ಮನೆಗೆ ತಿರುಗಬೇಕು.

ಈಗ ಮತ್ತಾಯ 20 ತೆಗೆಯಿರಿ. ಯಜಮಾನ ಬೆಳಿಗ್ಗೆ ಹೋಗಿ ಆಳುಗಳನ್ನು ಕರೆಯುತ್ತಾನೆ. ಮತ್ತೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಹೋಗುತ್ತಾನೆ. ಸಂಜೆ ಐದಕ್ಕೂ ಹೋಗುತ್ತಾನೆ, ಆಗಲೂ ಜನ ನಿಂತಿದ್ದಾರೆ. ಏಕೆ ಸುಮ್ಮನೆ ನಿಂತಿದ್ದೀರಿ ಎಂದರೆ, ಯಾರೂ ನಮ್ಮನ್ನು ಕರೆಯಲಿಲ್ಲ ಎನ್ನುತ್ತಾರೆ. ತಡವಾಗಿ ನಂಬಿದವನಿಗೂ ಪರಲೋಕ ಸಿಗುತ್ತದೆ ಎಂದು ಸಭೆಯ ಅಯ್ಯನವರು (ಪಾದ್ರಿ) ಇದನ್ನು ಬೋಧಿಸುತ್ತಾರೆ, ಅದು ಸರಿಯೇ. ಆದರೆ ನನ್ನ ತಂದೆಗೆ ಅದು ಮೊದಲು ಕೂಲಿಯ ಕಥೆ. ಐದು ಗಂಟೆಯವರೆಗೂ ನಿಂತವನು ಸೋಮಾರಿಯಲ್ಲ, ಮನೆಗೆ ಬರಿಗೈಯಲ್ಲಿ ಹೋಗಲಾರದವನು. ಒಂದು ಗಂಟೆಯ ಕೂಲಿಯಿಂದ ಒಲೆ ಹೊತ್ತುವುದಿಲ್ಲ ಎಂದು ಆ ಯಜಮಾನನಿಗೆ ಗೊತ್ತು. ಅದಕ್ಕೇ ಪೂರ್ತಿ ದಿನದ ಕೂಲಿ ಕೊಟ್ಟ. ಕೊಟ್ಟದ್ದು ಯಾವಾಗ? ಅದೇ ಸಂಜೆ. ಹೊತ್ತು ಮುಳುಗುವುದರೊಳಗೆ ಕೂಲಿ ಕೊಡಬೇಕು, ಅವನು ಬಡವನು, ಅದನ್ನೇ ನೆಚ್ಚಿಕೊಂಡಿದ್ದಾನೆ ಎಂದು ಧರ್ಮೋಪದೇಶಕಾಂಡ 24ರಲ್ಲಿದೆ. ಯೇಸುವಿನ ಯಜಮಾನ ಆ ಆಜ್ಞೆಯನ್ನು ಬಲ್ಲವನು. ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಹಿಡಿದಿಟ್ಟುಕೊಂಡ ಕೂಲಿಯೇ ಕೂಗಿಕೊಳ್ಳುತ್ತದೆ.

ಈಗ ನಾನು ಸಣ್ಣಪುಟ್ಟ ಗುತ್ತಿಗೆ ಹಿಡಿಯುತ್ತೇನೆ. ಬಿಲ್ಡರ್‌ನಿಂದ ಹಣ ಬರಲಿ ಬಿಡಲಿ, ಬಿಗಾರಿಯ ಕೈಗೆ ಅದೇ ಸಂಜೆ ಕೂಲಿ ಬೀಳಬೇಕು ಎಂದು ತಂದೆ ಹಿಡಿದ ಹಟವನ್ನು ನಾನೂ ಹಿಡಿದಿದ್ದೇನೆ. ಇದು ಸುಲಭವಲ್ಲ, ಎಷ್ಟೋ ಸಲ ಸಾಲ ತಂದು ಕೊಡುತ್ತೇನೆ. ನಾನು ತಿಳಿದ ಮಟ್ಟಿಗೆ ಬದುಕಿನ ಪಾಠವೆಂದರೆ ಇದು. ಅದು ನನ್ನಿಂದ ಏನನ್ನಾದರೂ ಕೇಳಬೇಕು, ಹಣವನ್ನೋ ಹೊತ್ತನ್ನೋ ಅಭಿಮಾನವನ್ನೋ. ಏನನ್ನೂ ಕೇಳದಿದ್ದರೆ, ಆಮೆನ್ ಎಂದು ಚಹಾ ಕುಡಿದು ಎದ್ದು ಹೋಗಬಹುದಾದರೆ, ಅದನ್ನು ಪಾಠವೆಂದು ಕರೆಯಲು ನನಗೆ ಮನಸ್ಸಿಲ್ಲ.

ಡೊಂಬಿವಲಿಯ ಟೀಚರ್:
ತಮ್ಮ, ಇದನ್ನು ಮಕ್ಕಳಿಗೆ ಹಾಗೆಯೇ ಓದಿ ಹೇಳಬಹುದೇ?

ಘನ್ಸೋಲಿಯ ಗೌಂಡಿಯ ಮಗ:
ಧಾರಾಳವಾಗಿ ಅಕ್ಕ.

ಮಲಾಡ್ ಯುವಕ:
ಓದಿ ಹೇಳುವುದೇಕೆ, ಮಕ್ಕಳನ್ನು ಒಂದು ಬೆಳಿಗ್ಗೆ ನಾಕಾಗೇ ಕರೆದುಕೊಂಡು ಹೋಗೋಣ. ಕಣ್ಣಾರೆ ಕಂಡರೆ ಮರೆಯುವುದಿಲ್ಲ. ಒಂದೆರಡು ಫೋಟೋ ತೆಗೆದು ಸಭೆಯಲ್ಲಿಯೂ ತೋರಿಸಬಹುದು.

ಘನ್ಸೋಲಿಯ ಗೌಂಡಿಯ ಮಗ:
ದಯವಿಟ್ಟು ಬೇಡ. ಕೆಲಸ ಸಿಗುತ್ತದೋ ಇಲ್ಲವೋ ಎಂದು ನಿಂತ ಮನುಷ್ಯನ ಮುಖಕ್ಕೆ ಮೊಬೈಲ್ ಹಿಡಿಯುವುದು ಯಾವ ಸುವಾರ್ತೆ? ನಮ್ಮ ತಂದೆಯ ಫೋಟೋವನ್ನೂ ಒಮ್ಮೆ ಯಾರೋ ಹಾಗೆ ತೆಗೆದುಕೊಂಡು ಹೋದರು. ಮನೆಗೆ ಬಂದು ಆ ರಾತ್ರಿ ಅವರು ಮಾತೇ ಆಡಲಿಲ್ಲ. ಬಡವನ ಬೆಳಗನ್ನು ನಮ್ಮ ಸಂಜೆಯ ಪ್ರಾರ್ಥನೆಗೆ ಸಾಮಗ್ರಿ ಮಾಡಿಕೊಳ್ಳಬಾರದು.

ಮಲಾಡ್ ಯುವಕ:
ಫೋಟೋದ ಮಾತು ಬಿಡುತ್ತೇನೆ. ಆದರೆ ನೋಡದೆ ತಿಳಿಯುವುದು ಹೇಗೆ? ಕೆಟ್ಟ ಉದ್ದೇಶ ನನ್ನದಲ್ಲ.

ಬಾಂದ್ರಾದ ಮಂಗಳೂರಿನವಳು:
ಉದ್ದೇಶ ಕೆಟ್ಟದ್ದೆಂದು ಯಾರೂ ಹೇಳಲಿಲ್ಲ ಮಗು. ನೋಡಲು ನಾಕಾದವರೆಗೆ ಹೋಗಬೇಕಾಗಿಯೇ ಇಲ್ಲ. ನಿಮ್ಮ ಸೊಸೈಟಿಯ ಕಾವಲುಗಾರ ರಾತ್ರಿ ಎಲ್ಲಿ ಕುಳಿತುಕೊಳ್ಳುತ್ತಾನೆ, ಕುರ್ಚಿ ಇದೆಯೇ, ನೀರು ಎಲ್ಲಿಂದ ತರುತ್ತಾನೆ? ಮನೆಗೆಲಸದವಳು ಒಂದು ದಿನ ಬಾರದಿದ್ದರೆ ಸಂಬಳ ಹಿಡಿಯುತ್ತೀರಾ? ಅವಳು ಲಿಫ್ಟ್ ಬಳಸಬಹುದೇ? ಇದು ಮಕ್ಕಳಿಗೂ ಕಾಣುತ್ತದೆ, ಕೇಳಿದರೆ ಅವರೇ ಹೇಳುತ್ತಾರೆ.

ಪಿಂಪ್ರಿಯ ಶರಣ:
ನಾನು ಕ್ರೈಸ್ತನಲ್ಲ, ಬಸವತತ್ತ್ವದವನು. ಗೌಂಡಿಯ ಮಗ ಬರೆದದ್ದು ಓದಿ ಸುಮ್ಮನಿರಲಾಗಲಿಲ್ಲ. ನಮ್ಮಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಇದ್ದರು. ಬಸವಣ್ಣನವರ ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮಗೇಕೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಗಂಡನನ್ನು ತಿರುಗಿ ಕಳುಹಿಸಿದಳು. ನಿಮ್ಮ ಗ್ರಂಥದಲ್ಲಿ ಇದಕ್ಕೆ ಹತ್ತಿರದ ಕಥೆ ಇದೆಯೇ?

ವಾಸ್ಕೋ ಕನ್ನಡಿಗ:
ಇದೆ ಶರಣರೇ. ವಿಮೋಚನಕಾಂಡ 16. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಆಕಾಶದಿಂದ ಮನ್ನ ಎಂಬ ಆಹಾರ ಬೀಳುತ್ತಿತ್ತು. ಆಯಾ ದಿನಕ್ಕೆ ಬೇಕಾದಷ್ಟನ್ನೇ ಕೂಡಿಸಿಕೊಳ್ಳಬೇಕು. ಮಾತು ಮೀರಿ ಮರುದಿನಕ್ಕೆ ಇಟ್ಟುಕೊಂಡವರದು ಹುಳ ಬಿದ್ದು ನಾರಿತು. ಸಬ್ಬತ್ ಎಂಬ ವಿಶ್ರಾಂತಿಯ ದಿನಕ್ಕಾಗಿ ಮಾತ್ರ ಹಿಂದಿನ ದಿನ ಎರಡರಷ್ಟು. ಅನುದಿನದ ಆಹಾರವನ್ನು ಈ ಹೊತ್ತು ದಯಪಾಲಿಸು ಎಂಬ ನಮ್ಮ ಪ್ರಾರ್ಥನೆಯಲ್ಲೂ ಅದೇ ಅಳತೆ.

ಗೋವೆಯಲ್ಲಿ ನನಗೆ ಇದು ದಿನಾಲೂ ನೆನಪಾಗುತ್ತದೆ. ಇಲ್ಲಿ ಬ್ರೆಡ್ ಮಾರುವ ಪೋದೇರ್ ಸೈಕಲ್ಲಿನ ಹಿಂದೆ ದೊಡ್ಡ ಬುಟ್ಟಿ ಕಟ್ಟಿಕೊಂಡು, ಹಾರ್ನ್ ಒತ್ತುತ್ತಾ ಬೆಳಿಗ್ಗೆಯೂ ಸಂಜೆಯೂ ಬರುತ್ತಾನೆ. ಪಾವ್, ಉಂಡೊ, ತೌಡು ಬೆರೆಸಿದ ಪೊಯಿ, ಎಲ್ಲ ಆ ಹೊತ್ತಿಗೆ ಸುಟ್ಟದ್ದು. ಮರುದಿನಕ್ಕೆ ಇಟ್ಟರೆ ಗಟ್ಟಿಯಾಗುತ್ತದೆ. ಹಿಂದೆ ತೆಂಗಿನ ಸೇಂದಿಯಿಂದಲೇ ಹಿಟ್ಟು ಹುಳಿ ಬರಿಸುತ್ತಿದ್ದರಂತೆ, ಈಗ ಯೀಸ್ಟ್ ಬಂದಿದೆ. ನಮ್ಮ ಬೀದಿಯಲ್ಲಿ ಪಾವ್ ಕೊಡುವ ಹುಡುಗ ಕೊಂಕಣಿ ಚೆನ್ನಾಗಿ ಮಾತನಾಡುತ್ತಾನೆ, ಮನೆಮಾತು ಮಾತ್ರ ಕನ್ನಡ. ಅವನ ನಿದ್ರೆ ನಡುರಾತ್ರಿಗೇ ಮುಗಿಯುತ್ತದೆ, ಭಟ್ಟಿಗೆ ಬೆಂಕಿ ಹಾಕಬೇಕಲ್ಲ.

ಪಿಂಪ್ರಿಯ ಶರಣ:
ಮನ್ನದ ಕಥೆ ತಿಳಿದಿರಲಿಲ್ಲ. ಸಂತೋಷವಾಯಿತು. ಲಕ್ಕಮ್ಮನ ಮಾತು ಕೇಳಿದವರಿಗೆ ಅದು ಹೊಸದೆನಿಸುವುದಿಲ್ಲ.

ಕೊಲಾಬಾದವ:
ವಿಷಯಾಂತರಕ್ಕೆ ಕ್ಷಮೆ ಇರಲಿ. ಟೀಚರ್ ಅವರ ಮಕ್ಕಳು ಕನ್ನಡ ಓದುತ್ತಾರೆಯೇ? ನಮ್ಮ ಕಡೆ ಮಕ್ಕಳಿಗೆ ಸತ್ಯವೇದ ಓದಲು ಬರುವುದಿಲ್ಲ. ಹಾಡನ್ನು ಮಾತ್ರ ದೇವನಾಗರಿಯಲ್ಲಿ ಬರೆದುಕೊಂಡು ಕನ್ನಡದಲ್ಲಿ ಹಾಡುತ್ತಾರೆ.

ಡೊಂಬಿವಲಿಯ ಟೀಚರ್:
ನಮ್ಮಲ್ಲೂ ಅದೇ. ಅರ್ಧದಷ್ಟು ಮಕ್ಕಳು ಓದುತ್ತಾರೆ, ಉಳಿದವರು ಕೇಳಿ ತಿಳಿಯುತ್ತಾರೆ. ಅದಕ್ಕೇ ನಾನು ಕಥೆಯಾಗಿ ಹೇಳಲು ಬಯಸುವುದು. ಓದು ಬಾರದಿದ್ದರೂ ಅಜ್ಜಿಯ ಕನ್ನಡ ಅವರ ಕಿವಿಯಲ್ಲಿದೆ.

ಖಡಕಿಯ ಹಿರಿಯ:
ಪುಣೆಯ ಕಡೆಯಿಂದಲೂ ಒಂದನ್ನು ಕೊಡುತ್ತೇನೆ. ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ್ದಕ್ಕೆ ಸಮಾಜದಿಂದ ಎದುರಿಸಿದ ವಿರೋಧ ಅಷ್ಟಿಷ್ಟಲ್ಲ. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಎಲ್ಲರನ್ನೂ ಕಳೆದುಕೊಂಡವರು ರಮಾಬಾಯಿ. 1896ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಮತ್ತೆ ಕ್ಷಾಮ ಬಿದ್ದಾಗ ಆಕೆ ಅಲ್ಲಿಗೇ ಹೋಗಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಜಿಲ್ಲೆಯ ಕೇಡಗಾಂವ್‌ನ ಮುಕ್ತಿ ಸದನ ಅವರ ಆಸರೆಯಾಗಿ ಬೆಳೆಯಿತು. ನೇಯ್ಗೆ, ಗಾಣ, ಮುದ್ರಣಾಲಯ, ಎಲ್ಲವನ್ನೂ ಹೆಣ್ಣುಮಕ್ಕಳೇ ನಡೆಸಿದರು.

ಹಸಿವಿನಿಂದ ತಾನು ಕಂಡದ್ದಕ್ಕೆ ಆಕೆ ಅರ್ಥ ಹುಡುಕುತ್ತಾ ಕುಳಿತುಕೊಳ್ಳಲಿಲ್ಲ. ಮುಂದಿನ ಕ್ಷಾಮ ಬಂದಾಗ ಎತ್ತಿನ ಗಾಡಿ ಹೂಡಿಸಿದರು. ಗೌಂಡಿಯ ಮಗ ಹೇಳಿದ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ತೋಚುವುದಿಲ್ಲ.

ಕುರ್ಲಾ ನಿವಾಸಿ:
ನಮ್ಮ ಘಟ್ಟದಲ್ಲಿ ಹುಟ್ಟಿದವರು ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ! ಮಕ್ಕಳನ್ನು ನಾಕಾ ಬದಲು ಕೇಡಗಾಂವ್‌ಗೆ ಕರೆದೊಯ್ಯಿರಿ. ಪುಣೆ–ದೌಂಡ್ ರೈಲುಮಾರ್ಗದಲ್ಲೇ ಇದೆ.

ಮಲಾಡ್ ಯುವಕ:
ಇದಕ್ಕೆ ನಾನು ಮೊದಲ ಹೆಸರು ಕೊಡುತ್ತೇನೆ. ಆದರೆ ಒಂದು ಪ್ರಶ್ನೆ ಉಳಿದಿದೆ. ಪಾಠ ಯಾವಾಗಲೂ ಏನನ್ನಾದರೂ ಕೇಳಲೇಬೇಕೇ? ಬರಿಯ ಸಂತೋಷಕ್ಕೆ ಜಾಗವಿಲ್ಲವೇ? ಮೊದಲ ಮಳೆಗೆ ಆರೆ ಕಾಲೊನಿಯ ರಸ್ತೆಯಲ್ಲಿ ಬೈಕ್ ನಿಲ್ಲಿಸಿ, ಸೃಷ್ಟಿಯನ್ನು ಕೊಂಡಾಡುವ ಕೀರ್ತನೆ 104 ನೆನೆದರೆ ಅದು ಕಡಿಮೆಯೇ?

ಘನ್ಸೋಲಿಯ ಗೌಂಡಿಯ ಮಗ:
ಕಡಿಮೆಯಲ್ಲ ಅಣ್ಣ. ಆದರೆ ಅದಕ್ಕೆ ಪಾಠ ಎಂದು ಹೆಸರಿಡಬೇಡಿ, ಸ್ತೋತ್ರ ಎನ್ನಿ. ಹಿರಿಯರು ಮೊದಲೇ ಹೇಳಿದರಲ್ಲ.

ಬಾಂದ್ರಾದ ಮಂಗಳೂರಿನವಳು:
ಇದನ್ನು ಪೂರ್ತಿ ಒಪ್ಪಲಾರೆ. ಸಂತೋಷವೂ ಕಲಿಸುತ್ತದೆ. ಆಕಾಶದ ಹಕ್ಕಿಗಳನ್ನು ನೋಡಿ, ಅಡವಿಯ ಹೂಗಳನ್ನು ಲಕ್ಷ್ಯವಿಟ್ಟು ನೋಡಿ ಎಂದು ಯೇಸು ಹೇಳಿದ್ದು ನೋಡುವುದಕ್ಕಾಗಿಯೇ. ಚಿಂತೆ ಬಿಡಿ ಎನ್ನುವುದೂ ಒಂದು ಕೇಳಿಕೆ, ಮುಂಬಯಿಯಲ್ಲಿ ಮನೆ ಬಾಡಿಗೆ ಕಟ್ಟುವವರಿಗೆ ಅದೇನು ಸಣ್ಣದೇ?

ಘನ್ಸೋಲಿಯ ಗೌಂಡಿಯ ಮಗ:
ಇದು ನಿಮ್ಮ ಕಡೆಗೇ ತೂಗುತ್ತದೆ ಅಕ್ಕ. ಯೋಚಿಸುತ್ತೇನೆ.

ಡೊಂಬಿವಲಿಯ ಟೀಚರ್:
ಎಲ್ಲರಿಗೂ ಋಣಿ. ಹೀಗೆ ಮಾಡುತ್ತೇನೆ. ಮತ್ತಾಯ 20 ಓದಿಸಿ, ನಾಕಾದ ಕಥೆ ಹೇಳುತ್ತೇನೆ. ಆಮೇಲೆ ಸುತ್ತು ಕುಳಿತವರಿಗೆ ಎರಡೇ ನಿಯಮ. ಮನೆಯಲ್ಲಿಲ್ಲದ ಮೂರನೆಯವರ ಮಾತು ಬೇಡ, ತಾನು ಮಾಡಬೇಕಾದದ್ದನ್ನು ಮಾತ್ರ ಹೇಳುವುದು. ಹೇಳಲು ಏನೂ ಇಲ್ಲದವರು ಒಂದು ಸ್ತೋತ್ರ ಹೇಳಿ ಸುಮ್ಮನಿರಬಹುದು, ಅದಕ್ಕೆ ಯಾರೂ ಮುಖ ಗಂಟಿಕ್ಕಬಾರದು. ನಮ್ಮ ಸಭೆಯ ಹಿರಿಯರಿಗೆ ಇದು ಹಿಡಿಸದೇ ಹೋಗಬಹುದು, ಆದರೆ ನನ್ನ ಮನೆಯಲ್ಲಿ ನಡೆಯುವುದು ಹೀಗೆಯೇ.

ಖಡಕಿಯ ಹಿರಿಯ:
ಹಿಡಿಸದ ಹಿರಿಯರಿಗೆ ಲೂಕ 13 ಓದಲು ಕೊಡಿ.

ಘನ್ಸೋಲಿಯ ಗೌಂಡಿಯ ಮಗ:
ಅಕ್ಕ, ಮಕ್ಕಳು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಬೆಳಿಗ್ಗೆಯಿಂದ ದುಡಿದವನಿಗೆ ಅನ್ಯಾಯವಾಗಲಿಲ್ಲವೇ? ಗುಣುಗುಟ್ಟಿದವನಿಗೂ ಒಪ್ಪಿದಷ್ಟು ಕೂಲಿ ಪೂರ್ತಿ ಸಿಕ್ಕಿದೆ ಎಂಬುದನ್ನು ಮರೆಯದೆ ಹೇಳಿ. ಅವನಿಂದ ಕಿತ್ತುಕೊಂಡು ಇವನಿಗೆ ಕೊಟ್ಟದ್ದಲ್ಲ. ನಮ್ಮ ಸೈಟಿನಲ್ಲೂ ಈ ಜಗಳ ಆಗಾಗ ನಡೆಯುತ್ತದೆ, ಅದನ್ನೂ ಹೇಳಬಹುದು.

ಡೊಂಬಿವಲಿಯ ಟೀಚರ್:
ನೀವೇ ಬಂದು ಹೇಳಿ ತಮ್ಮ. ಪ್ರಾರ್ಥನೆ ಭಾನುವಾರ ಸಂಜೆ ಐದಕ್ಕೆ. ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಫೋನ್ ಮಾಡಿದರೆ ನಮ್ಮವರು ಬಂದು ಕರೆದುಕೊಂಡು ಬರುತ್ತಾರೆ.

ಘನ್ಸೋಲಿಯ ಗೌಂಡಿಯ ಮಗ:
ಭಾನುವಾರವೂ ಸೈಟು ಇರುತ್ತದೆ. ಕೂಲಿ ಹಂಚಿ ಮುಗಿಸಿ ಹೊರಟರೆ ಏಳಾಗುತ್ತದೆ. ತಡವಾದರೂ ಪರವಾಗಿಲ್ಲ ಎಂದರೆ ಬರುತ್ತೇನೆ. ತಂದೆಯವರನ್ನೂ ಕರೆತರುತ್ತೇನೆ, ನಾಕಾದ ಮಾತು ಅವರ ಬಾಯಿಂದಲೇ ಕೇಳಲಿ ಮಕ್ಕಳು.